ದಾನವ್ವನ ರಟ್ಟಿನ ಪುಸ್ತಕ

ಜೂನ್ ೭, ೧೯೫೩

ಇವರ ಅಂಗಡಿಯ ಶೇಟ್ ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಜೂನ್ ಬಂದರೂ ಒಂದಕ್ಷರ ಬಿದ್ದಿರಲಿಲ್ಲ. "ಹಾಲಿಂದು, ಧೋಬೀದು ಬರದಿಡು" ಎಂದು ಇವರು ನನ್ನ ಕೈಗೆ ಕೊಟ್ಟರು. ಹಾಲಿನವನ ಗೆರೆಗಳನ್ನು ಅಡುಗೆ ಮೂಲೆಯ ಗೋಡೆಗೆ ಇದ್ದಿಲಿನಿಂದ ಎಳೆದರೂ ನಡೆಯುತ್ತದೆ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಹಾಳೆ ಸಿಕ್ಕಿದೆ, ನನ್ನ ಮಾತನ್ನೇ ಬರೆಯುತ್ತೇನೆ. ಈ ಮನೆಯಲ್ಲಿ ಅದನ್ನು ಕೇಳುವವರು ಬೇರೆ ಯಾರೂ ಇಲ್ಲ.

ಬೈಲಹೊಂಗಲದ ಚನ್ನವ್ವ ಈಗ ಮುಂಬೈಯ ವಡಾಲದ ಚಾಳಿನ ಚನ್ನವ್ವ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ಎರಡನೆಯ ಸಂಬಂಧ. ಮೊದಲಿನವಳು ದಾನವ್ವ. ಹಿಂದಿನ ಮಳೆಗಾಲದಲ್ಲಿ ವಿಷಮಜ್ವರ ಬಂದು ತೀರಿಕೊಂಡಳಂತೆ. ತೀರಿಕೊಂಡಳು ಅನ್ನುವುದು ಬರೀ ಹೆಸರಿಗೆ. ನನ್ನ ತಾಳಿಯ ಪಕ್ಕದಲ್ಲೇ ಬೆಳ್ಳಿಯ ತಗಡಾಗಿ ತೂಗಾಡುತ್ತಿದ್ದಾಳೆ. ಎರಡನೆಯವಳಾಗಿ ಬಂದವಳು ಹಿರಿಯಳನ್ನು ಹೀಗೆ ಕೊರಳಲ್ಲಿ ಹೊರಬೇಕು, ಅಕ್ಕ ಎನ್ನಬೇಕು. ಹೊಸ ಸೀರೆ ಮೊದಲು ಆ ತಗಡಿಗೆ ಸೋಕಿ ಆಮೇಲೆ ನನ್ನ ಮೈಗೆ. ಹೂವೂ ಹಾಗೆಯೇ. ನನ್ನ ಮದುವೆಯ ಸೀರೆಯನ್ನು ನನಗಿಂತ ಮೊದಲು ಅವಳು ಉಟ್ಟಳು.

ಅವಳ ಮಗಳು ಶರಣವ್ವ, ಶರಣಿ. ಆರನೆಯ ವರ್ಷಕ್ಕೆ ಬಿದ್ದಿದ್ದಾಳೆ. ನನ್ನನ್ನು ಏನೆಂದೂ ಕರೆಯುವುದಿಲ್ಲ. "ಚಿಗವ್ವ ಅನ್ನು" ಅಂದರೆ "ಹೂಂ" ಅನ್ನುತ್ತಾಳೆ, ಅಷ್ಟೇ. ಬಾಯಾರಿದರೆ ಬಿಂದಿಗೆಯ ಮುಂದೆ ನಿಂತು ಬಿಂದಿಗೆಗೇ "ನೀರ" ಎನ್ನುತ್ತಾಳೆ.

ಪಂಚಮಿಗೆ ಅವಳ ಆಯಿ ಬಿಜಾಪುರದಿಂದ ಬರುತ್ತಾರೆ. ದಾನವ್ವನ ತಾಯಿ, ಬಸಲಿಂಗವ್ವ. ಹುಡುಗಿ ನನಗೆ ಹೊಂದಿಕೊಂಡಿದ್ದರೆ ಸರಿ, ಇಲ್ಲದಿದ್ದರೆ ಕರೆದುಕೊಂಡು ಹೋಗಿ ತಾವೇ ಬೆಳೆಸುತ್ತಾರೆ. ಮದುವೆಗೆ ಮುಂಚೆಯೇ ಆದ ಮಾತು. ಅದಕ್ಕೇ ಇವಳನ್ನು ಇನ್ನೂ ಶಾಲೆಗೆ ಹಾಕಿಲ್ಲ. ಹೋಗಲಿ ಬಿಡು. ನಾನು ಗಂಡನ ಮನೆಗೆ ಬಂದಿದ್ದೇನೆ, ದಾನವ್ವನ ಮನೆಗಲ್ಲ.

ಜೂನ್ ೧೨

ಶರಣಿಯ ಹತ್ತಿರ ಒಂದು ರಟ್ಟಿನ ಪುಸ್ತಕವಿದೆ, ಇವತ್ತು ಅದು ಎಂಥದೆಂದು ಸರಿಯಾಗಿ ನೋಡಿದೆ. ಶರಣಿ ಅದನ್ನು ಬಿಟ್ಟು ಮಲಗುವುದಿಲ್ಲ, ಉಣ್ಣುವಾಗಲೂ ತೊಡೆಯ ಕೆಳಗೇ ಇರಬೇಕು.

ಇವರು ಮಾರ್ಕೆಟ್ಟಿನಲ್ಲಿ ಅರಿವೆ ಅಂಗಡಿಯ ಗುಮಾಸ್ತರು. ಗಿರಣಿಯಿಂದ ಬರುವ ಅರಿವೆಯ ಗಂಟಿಗೆ ಬಣ್ಣದ ಚೀಟಿ ಅಂಟಿಸಿರುತ್ತಾರೆ. ಓದಲು ಬರದ ಗಿರಾಕಿಯೂ ಆನೆ ಛಾಪು, ಹುಲಿ ಛಾಪು ಎಂದು ಕೇಳಿ ಒಯ್ಯಲಿ ಎಂದು. ಇವರು ಅಂಥ ಚೀಟಿಗಳನ್ನು ಹರಿಯದಂತೆ ಬಿಡಿಸಿ ಮನೆಗೆ ತರುತ್ತಿದ್ದರಂತೆ. ಅರಿವೆಯ ಒಳಗೆ ಬರುವ ರಟ್ಟನ್ನು ಒಂದೇ ಅಳತೆಗೆ ಕತ್ತರಿಸಿ, ಎರಡೂ ಮಗ್ಗುಲಿಗೆ ಚೀಟಿ ಅಂಟಿಸಿ, ಗೋಣಿ ಹೊಲಿಯುವ ದಾರದಿಂದ ಹೊಲಿದಿದ್ದಾಳೆ ಆ ಮಹಾತಾಯಿ ದಾನವ್ವ. ಒಳಗೆ ಒಂದಕ್ಷರವೂ ಇಲ್ಲ. ಇರುವುದಾದರೂ ಹೇಗೆ? ಅವಳು ಹೆಬ್ಬೆಟ್ಟು ಒತ್ತುವವಳು.

ನಾನು ಮಾಟುಂಗಾದಿಂದ ಹೊಸ ಅಂಕಲಿಪಿ ತರಿಸಿದ್ದೆ. ಅದರಲ್ಲೂ ಚಿತ್ರಗಳಿವೆ, ಸಾಲದ್ದಕ್ಕೆ ಅಕ್ಷರಗಳೂ ಇವೆ. ಪಕ್ಕದಲ್ಲಿ ಕೂರಿಸಿಕೊಂಡು ಆನೆಯ ಪುಟ ತೆರೆದೆ.

"ಈ ಆನಿ ಎಲ್ಲಿಗೆ ಹೊಂಟದ?" ಎಂದಳು.

"ಎಲ್ಲೀ ಹೊಂಟಿಲ್ಲ. ಇದು ಆ ಅನ್ನೂ ಅಕ್ಷರದ ಆನಿ."

"ಹಂಗಾರ ಯಾಕ ನಿಂತದ?"

ನಾನು ಮುಂದಿನ ಪುಟ ತಿರುವಿದೆ. ಅವಳು ಎದ್ದು ಹೋಗಿ ತನ್ನ ರಟ್ಟು ತೆಗೆದಳು. ಸಂಜೆ ಇವರು ಲೋಕಲ್‌ನಲ್ಲಿ ನೆನೆದು ಬಂದರು. ಮಗಳು ಪುಸ್ತಕದ ಮೇಲೆ ಬಾಗಿ ಕೂತದ್ದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ಮುಖ ಎಷ್ಟು ಮೆತ್ತಗಾಯಿತು! ಬಿಸಿ ರೊಟ್ಟಿ ಹಿಡಿದು ಎದುರಿಗೆ ನಿಂತ ನನ್ನನ್ನು ಒಂದು ದಿನವೂ ಹಾಗೆ ನೋಡಿದ್ದಿಲ್ಲ. ಅವರು ನೋಡಿದ್ದು ಮಗಳನ್ನಲ್ಲ, ಅಂಟಿಸಿದವಳನ್ನು. ರೊಟ್ಟಿ ತಣ್ಣಗಾದ ಮೇಲೆಯೇ ಬಡಿಸಿದೆ.

ಜೂನ್ ೨೧

ಮಳೆ ಹಿಡಿದುಕೊಂಡಿದೆ. ಶರಣಿ ಮನೆ ಮುಂದಿನ ಗ್ಯಾಲರಿಯಲ್ಲಿ ಪಕ್ಕದ ಮನೆಯ ಶೀಲಾವತಿಯ ಜೊತೆ ಕೂತಿದ್ದಳು. ಶೀಲಾವತಿ ಉಡುಪಿ ಕಡೆಯವರು. ಅವರ ಯಜಮಾನ ರಮಾನಾಥರು ಮಾಟುಂಗಾದ ಹೋಟೆಲಿನಲ್ಲಿ ಕೆಲಸಕ್ಕಿದ್ದಾರೆ. ನನ್ನ ಹತ್ತಿರ ಬಿಂದಿಗೆಯ ಭಾಷೆ ಆಡುವ ಹುಡುಗಿ ಅವರ ಹತ್ತಿರ ಎಷ್ಟು ಮಾತಾಡಿದಳು! ನಾನು ಒಳಗೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಕಿಟಕಿ ತೆರೆದಿತ್ತು. ಕೇಳಬೇಕೆಂದು ಕೇಳಿದ್ದಲ್ಲ.

"ಎರಡು ಆನಿ ಇದ್ವು. ಸೊಂಡಿಲದಾಗ ಹೂವಿನ ಹಾರ ಹಿಡಕೊಂಡಿದ್ವು. ಯಾರ ಕೊಳ್ಳಾಗ ಹಾಕೂದು ಗೊತ್ತಿರಲಿಲ್ಲ. ಅದಕ್ಕ ಮುಂಬೈಗೆ ಹೊಂಟ್ವು. ರೈಲು ಬಂತು. ಅವು ಹೆಣ್ಣಾನಿ ಇದ್ವಲಾ, ಲೇಡೀಸ್ ಡಬ್ಬಿ ಹತ್ತಿದ್ವು. ಒಳಗಿನ ಹೆಂಗಸ್ರು, ಸರೀರಿ, ಇನ್ನೊಂದೀಟು ಸರೀರಿ ಅಂದ್ರು. ಇಳದ ಮ್ಯಾಲ ಹಡಗು ಸಿಕ್ತು. ನನಗ ಹಾಕ್ರಿ ಹಾರ ಅಂತು. ನಿನಗ ಕೊಳ್ಳೇ ಇಲ್ಲಲ್ಲ ಅಂದ್ವು. ಗಿಣಿ ಬಂತು, ನನಗ ಹಾಕ್ರಿ ಅಂತು. ನೀ ಹಾರದಾಗಿಂದ ಜಾರಿ ಬೀಳ್ತಿ ಅಂದ್ವು. ಹುಲಿ ಬಂತು. ನನಗ ಹಾಕಲಿಲ್ಲಂದ್ರ ತಿಂತೇನಿ ಅಂತು. ಮೊದಲ ಚಾ ಕುಡಿ ಅಂದ್ವು. ಹುಲಿ ಚಾ ಕುಡಕೋತ ಕೂತು ಹಾರ ಮರತೇ ಬಿಡ್ತು."

ಶೀಲಾವತಿ ನಕ್ಕರು. ನನಗೂ ನಗು ಬಂತು, ಸೊಪ್ಪಿನೊಳಗೆ ಮುಖ ಹಾಕಿ ನುಂಗಿಕೊಂಡೆ.

"ಆಮ್ಯಾಲ ಕನ್ನಡಿ ನೋಡಕೋತ ನಮ್ಮವ್ವ ನಿಂತಿದ್ಲು. ಆನಿ ಹಾರ ಹಾಕಾಕ ಹ್ವಾದ್ವು. ನಮ್ಮವ್ವ ಅಂದ್ಲು, ನನಗ ಬ್ಯಾಡ, ನನ್ನ ಮಗಳ ಕೊಳ್ಳಾಗ ಹಾಕ್ರಿ."

"ಮತ್ತೆ?"

"ಮತ್ತ ಪಟಾ ಸಿಕ್ಕಿಲ್ಲ."

ಶೀಲಾವತಿ ಕಿಟಕಿಯತ್ತ ತಿರುಗಿ ಹೇಳಿದರು. ನಾನು ಕೇಳುತ್ತಿದ್ದೇನೆಂದು ಆ ಹೆಂಗಸಿಗೆ ಗೊತ್ತೇ ಇತ್ತು. "ಕೊನೇ ರಟ್ಟು ಹಾಗೇ ಖಾಲಿ ಉಂಟು ಮಾರಾಯ್ರೆ. ಸಣ್ಣ ಹುಡುಗಿಯ ಛಾಪು ಒಂದು ಸಿಕ್ಲಿ ಅಂತ ದಾನಕ್ಕ ಎಷ್ಟು ಕಾದ್ರು. ಈ ಗ್ಯಾಲರಿಯಲ್ಲೇ ಕೂತು ಅಂಟಿಸ್ತಿದ್ದದ್ದು. ಅಂಟಿಸುವಾಗ ಒಂದೊಂದು ಪಟಕ್ಕೆ ಕತೆ ಹೇಳ್ತಿದ್ರು, ಈ ಕೂಸು ಮಾತು ಕಲಿತದ್ದೇ ಹಾಗೆ."

ಅಂದರೆ ಈ ಹುಡುಗಿಯ ಬಾಯೊಳಗಿನ ಮಾತುಗಳೂ ಅವಳವೇ. ನನಗೆ ಉಳಿದದ್ದು ಮೆಂತ್ಯದ ಸೊಪ್ಪು.

ಜೂನ್ ೨೫

ಇವತ್ತೂ ಅದೇ ಕಥೆ. ಕಿಟಕಿ ಮುಚ್ಚಿದೆ. ಒಳಗೆ ಹೊಗೆ ತುಂಬಿತು, ತೆರೆದೆ.

ಜುಲೈ ೨

ಶರಣಿ ಶೀಲಾವತಿಯ ಜೊತೆ ನಲ್ಲಿಗೆ ಹೋದಾಗ ಪುಸ್ತಕ ತೆಗೆದು ಆ ಕನ್ನಡಿಯ ಹೆಂಗಸನ್ನು ನೋಡಿದೆ. ಇವತ್ತೇ ಮೊದಲಲ್ಲ. ಹಸಿರು ಸೀರೆ, ಕುಂಕುಮ ಬಣ್ಣದ ಅಂಚು. ಎಡಗೈಯಲ್ಲಿ ಕನ್ನಡಿ, ಅದರ ಹಿಡಿ ನವಿಲಿನ ಕತ್ತಿನ ಹಾಗೆ ಬಾಗಿದೆ. ಬಲಗೈಯಲ್ಲಿ ಹಣೆಗೆ ಬೊಟ್ಟು ಇಡುತ್ತಿದ್ದಾಳೆ. ಕಿವಿಗೆ ಝುಮಕಿ. ಒಂದು ಕಾಲಿನ ಹೆಬ್ಬೆರಳು ಇನ್ನೊಂದರ ಮೇಲೆ. ಎಷ್ಟು ಚೆಲುವೆ! ಹೀಗಿದ್ದವಳ ಮನೆಗೆ ನಾನು ಬಂದಿದ್ದೇನೆ.

ತಡೆಯಲಾರದೆ ಇವರನ್ನು ಕೇಳಿಯೇ ಬಿಟ್ಟೆ. "ಅಕ್ಕ ಹಿಂಗ ಇದ್ಲೇನ್ರಿ?"

ಇವರು ಪಟ ನೋಡಿ ನಕ್ಕರು. "ದಾನಿ ಕರ್ರಗಿದ್ಲು. ಮೂಗು ದಪ್ಪ. ಈಕಿ ನಾನೇ ಅಂತ ಚ್ಯಾಷ್ಟಿ ಮಾಡತಿದ್ಲು. ಒಂದು ಫೋಟೊ ತೆಗಸೋಣ ಅಂದ್ರ ನಾಚಕೊಂಡ್ಲು. ಈಗ ಆ ಕೂಸಿಗೆ ಇದೇ ಅವ್ವ."

ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮಾತು ಮುಗಿಸಿ ಇವರು ಬಹಳ ಹೊತ್ತು ಮಳೆಯನ್ನೇ ನೋಡುತ್ತ ಕೂತರು. ಕಪ್ಪಗೆ, ದಪ್ಪ ಮೂಗಿನವಳಾಗಿದ್ದವಳನ್ನು ಇಷ್ಟು ನೆನೆಯುತ್ತಾರೆಂದರೆ ಅದು ಇನ್ನೂ ಹೆಚ್ಚಿನ ಸಂಕಟ. ಚೆಲುವಿಗೆ ಸೋತರೆ ಒಂದು ಮಾತು ಹೇಳಬಹುದು.

ಜುಲೈ ೧೧

ಮಾಡಿಬಿಟ್ಟೆ.

ಹಳೆಯ ಕ್ಯಾಲೆಂಡರಿನಲ್ಲಿ ಒಬ್ಬ ಹೆಂಗಸಿನ ಚಿತ್ರವಿತ್ತು. ಕುರ್ಚಿಯ ಮೇಲೆ ಕೂತು ಪುಸ್ತಕ ಓದುತ್ತಿದ್ದಾಳೆ. ಕತ್ತರಿಸಿ ಆ ಖಾಲಿ ರಟ್ಟಿಗೆ ಅಂಟಿಸಿದೆ. ಸೀರೆಗೆ ಹಾಕಲು ಕಾಯಿಸಿದ್ದ ಮೈದಾ ಗಂಜಿ ಮಿಕ್ಕಿತ್ತು, ಅದನ್ನೇ ಬಳಿದೆ. ಇಷ್ಟು ದಿನ ಊರೂರು ಅಲೆದ ಆನೆಗಳು ಒಬ್ಬ ಓದು ಬಲ್ಲವಳ ಕೊರಳಿಗೆ ಹಾರ ಹಾಕಿದರೆ ಏನು ತಪ್ಪು? ಆ ಪುಸ್ತಕದಲ್ಲಿ ಒಂದು ರಟ್ಟಾದರೂ ನನ್ನದಿರಲಿ. ಇಡೀ ಮನೆ ಅವಳದು, ಪಾತ್ರೆಯ ಮೇಲೆ ಕೊರೆಸಿದ ಹೆಸರು ಅವಳದು, ನನ್ನ ಕೊರಳೂ ಅರ್ಧ ಅವಳದು.

ಜುಲೈ ೧೨

ಶರಣಿ ನೋಡಿದಳು. ಅಳಲಿಲ್ಲ. "ಇದು ಯಾರು?" ಎಂದೂ ಕೇಳಲಿಲ್ಲ. ಪುಸ್ತಕ ಮುಚ್ಚಿ, ತನ್ನ ಹಳೆಯ ಲಂಗದಲ್ಲಿ ಸುತ್ತಿ, ಮಂಚದ ಕೆಳಗೆ ಟ್ರಂಕಿನ ಹಿಂದೆ ತುರುಕಿದಳು. ಆಮೇಲೆ ಗ್ಯಾಲರಿಗೂ ಹೋಗಲಿಲ್ಲ.

ಅತ್ತಿದ್ದರೆ ಬೈಯಬಹುದಿತ್ತು.

ಜುಲೈ ೧೯

ಬೆಳಿಗ್ಗೆ ಕಸ ಗುಡಿಸುವಾಗ ಮಂಚದ ಕೆಳಗಿಂದ ಜಿರಳೆಗಳು ಹರಿದು ಬಂದವು. ಟ್ರಂಕು ಎಳೆದು ಲಂಗ ಬಿಚ್ಚಿದೆ. ನಾನು ಅಂಟಿಸಿದ ಓದುವ ಹೆಂಗಸು ಪೂರ್ತಿ ಮಾಯ. ಅವಳನ್ನು ತಿಂದು ಮುಗಿಸಿ ಎದುರಿನ ಮಗ್ಗುಲಿಗೆ ಹೋಗಿವೆ. ಹಸಿ ಗಂಜಿ ಅದಕ್ಕೂ ತಾಗಿರಬೇಕು. ಕನ್ನಡಿಯ ಹೆಂಗಸಿನ ಮುಖವಿಲ್ಲ. ಝುಮಕಿ ಇಲ್ಲ, ಕೈ ಇಲ್ಲ, ಕನ್ನಡಿ ಇಲ್ಲ. ಒಂದು ಮೂಲೆಯಲ್ಲಿ ಹಸಿರು ಸೀರೆಯ ತುಣುಕು ಉಳಿದಿದೆ, ಒಂದು ಹೆಬ್ಬೆರಳಿನಷ್ಟು. ಆನೆ, ರೈಲು, ಹಡಗು, ಗಿಳಿ, ಹುಲಿ ಎಲ್ಲ ಇದ್ದ ಹಾಗೇ ಇವೆ.

ಮುಚ್ಚಿಡೋಣ ಎಂದುಕೊಂಡು ತಿರುಗಿದರೆ ಶರಣಿ ಹಿಂದೆಯೇ ನಿಂತಿದ್ದಳು.

ಜುಲೈ ೨೦

ಶರಣಿ ಊಟ ಮಾಡಿಲ್ಲ. ನಿನ್ನೆಯೂ ಇಲ್ಲ. ಇವರು ತೊಡೆಯ ಮೇಲೆ ಕೂರಿಸಿಕೊಂಡು ಹಾಲು ಕುಡಿಸಲು ಹೋದರೆ ಬಾಯಿ ಬಿಗಿ ಹಿಡಿದಳು. ಆಡಿದ್ದು ಒಂದೇ ಮಾತು. "ನನ್ನ ಆಯಿ ಕಡೆ ಕಳಸ್ರಿ."

ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಶೀಲಾವತಿ ಬಂದು ರಟ್ಟನ್ನು ಮೂಸಿ ನೋಡಿದರು.

"ಎಂತ ಹಾಕಿ ಅಂಟಿಸಿದ್ದು ನೀವು?"

"ಮೈದಾ ಗಂಜಿ."

"ಬರೀ ಗಂಜಿಯಾ? ದಾನಕ್ಕ ಮೈಲುತುತ್ತ ಕಲಸಿಯೇ ಅಂಟಿಸುದು. ಮಾರ್ಕೆಟ್ಟಿನಲ್ಲಿ ಗಂಟಿಗೆ ಚೀಟಿ ಅಂಟಿಸುವವರೆಲ್ಲ ಹಾಗೆಯೇ ಅಲ್ವಾ. ಗೋದಾಮಿನ ಜಿರಳೆ ಮುಟ್ಟಬಾರದಲ್ಲ. ನಿಮ್ಮ ಯಜಮಾನರು ಹೇಳ್ಲಿಲ್ವಾ?"

ಯಾರನ್ನು ಕೇಳಬೇಕಿತ್ತು ನಾನು? ಕೇಳಿ ಮಾಡುವ ಕೆಲಸವಾಗಿತ್ತೇ ಅದು? ಗೂಡಿನ ಮೇಲ್ತುದಿಯಲ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಒಂದು ಡಬ್ಬಿ ಇತ್ತು. ತೆಗೆದು ನೋಡಿದೆ. ನೀಲಿ ಹರಳುಗಳು, ತುಂಬ ಇವೆ. ಹೆಬ್ಬೆಟ್ಟಿನವಳಿಗೆ ಗೊತ್ತಿದ್ದದ್ದು ಮುಲ್ಕಿಯವಳಿಗೆ ಗೊತ್ತಿರಲಿಲ್ಲ.

ನಾನು ಬೇಡಿದ್ದೇ ಆಗಿದೆ. ಹುಡುಗಿ ತಾನಾಗಿಯೇ ಹೋಗುತ್ತೇನೆ ಅನ್ನುತ್ತಿದ್ದಾಳೆ, ಆ ಚೆಲುವೆಯೂ ಹೋದಳು. ಇನ್ನು ಮನೆಯಲ್ಲಿ ನಾನು, ಇವರು. ಅದರ ಸಂತೋಷ ಎಲ್ಲಿದೆಯೋ ಹುಡುಕುತ್ತಿದ್ದೇನೆ.

ಜುಲೈ ೨೧

ಮಧ್ಯಾಹ್ನ ಇವರು ಮಾರ್ಕೆಟ್ಟಿಗೆ ಹೋಗಿದ್ದರು. ಶರಣಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಪುಸ್ತಕ ತಂದು ಅವಳ ಬೆನ್ನ ಹಿಂದೆ ಕೂತು ಮೊದಲ ರಟ್ಟು ತೆರೆದೆ.

"ಎರಡು ಆನಿ ಇದ್ವು. ಸೊಂಡಿಲದಾಗ ಹೂವಿನ ಹಾರ ಹಿಡಕೊಂಡಿದ್ವು. ಯಾರ ಕೊಳ್ಳಾಗ ಹಾಕೂದು ಗೊತ್ತಿರಲಿಲ್ಲ."

ಅವಳ ಬೆನ್ನು ಅಲುಗಲಿಲ್ಲ. ನಾನೂ ಬಿಡಲಿಲ್ಲ. ರೈಲಿಗೆ ಬಂದೆ. ಹೆಂಗಸರಿಗೆ "ಸರೀರಿ" ಅನ್ನಿಸಿದೆ. ಹಡಗಿಗೆ ಕೊರಳಿಲ್ಲ ಅಂದೆ. ಗಿಳಿಯನ್ನು ಜಾರಿಸಿ ಬೀಳಿಸಿದೆ. ಹುಲಿ ಬಂತು. "ಚಾ ಕುಡಿ ಅಂದ್ವು. ಹುಲಿ ಚಾ ಕುಡದು, ಬಸಿ ಕೆಳಗಿಟ್ಟು..."

"ಹಂಗಲ್ಲ ಚಿಗವ್ವ," ಗೋಡೆಯ ಕಡೆಯಿಂದ ದನಿ ಬಂತು. "ಹುಲಿ ಬಸಿ ಇಡೂದಿಲ್ಲ. ಇನ್ನೂ ಕುಡಕೋತ ಕೂತದ."

ತಪ್ಪು ಹಿಡಿಯುವುದರಲ್ಲಿ ಎಷ್ಟು ಚುರುಕು! ಇದ್ದ ಅನ್ನ ಉಣ್ಣಲು ಮಾತ್ರ ಶಕ್ತಿ ಇಲ್ಲ.

ಆಮೇಲೆ ಆ ರಟ್ಟು ಬಂತು. ತಿರುವಬೇಕೋ ಬೇಡವೋ ಎಂದು ಒಂದು ಗಳಿಗೆ ಕೈ ತಡೆಯಿತು. ಶರಣಿ ಹೊರಳಿ ಎದ್ದು ಕೂತಿದ್ದಳು. ಜಿರಳೆ ತಿಂದ ಬೋಳು ರಟ್ಟನ್ನು ನೋಡಿ ತುಟಿ ಅದುರಿಸಿದಳು. "ಅವ್ವ ಇಲ್ಲ. ಅವ್ವನ ಮಾರಿ ನನಗ ನೆಪ್ಪಾಗವಲ್ದು."

"ನನಗ ನೆಪ್ಪದ," ಎಂದೆ.

ಬೆರಳಿಟ್ಟು ತೋರಿಸುತ್ತ ಹೋದೆ. ಇಲ್ಲಿ ಹಸಿರು ಸೀರೆ, ಇಲ್ಲಿಂದ ಇಲ್ಲಿತನಕ ಕುಂಕುಮದ ಅಂಚು. ಇದು ಎಡಗೈ, ಇದರಲ್ಲಿ ಕನ್ನಡಿ, ಹಿಡಿ ನವಿಲಿನ ಕತ್ತಿನಂತೆ. ಇಲ್ಲಿ ಬೊಟ್ಟು ಇಡುವ ಬೆರಳು. ಇಲ್ಲಿ ಝುಮಕಿ. ಹುಬ್ಬು ಹೀಗೆ, ಕೂಡಿಯೂ ಕೂಡದ ಹಾಗೆ. ಹೆಬ್ಬೆರಳ ಮೇಲೆ ಹೆಬ್ಬೆರಳು. ಅವಳು ಆ ಬೋಳು ರಟ್ಟಿನ ಮೇಲೆ ನನ್ನ ಬೆರಳ ಹಿಂದೆ ತನ್ನ ಬೆರಳು ಓಡಿಸಿದಳು. ಹೊಟ್ಟೆಕಿಚ್ಚಿನಿಂದ ನೋಡಿದ್ದು ನಾನು. ಒಂದು ಗೆರೆಯೂ ತಪ್ಪಿಸಿಕೊಂಡಿರಲಿಲ್ಲ.

"ಮಾರಿ ಕರ್ರಗಿತ್ತು," ಎಂದೆ. ಯಾಕೆ ಹಾಗೆ ಅಂದೆನೋ. "ಮೂಗು ಒಂದೀಟು ದಪ್ಪ. ನಿನ್ನ ಮೂಗಿನಂಗ."

ಅವಳು ತನ್ನ ಮೂಗು ಮುಟ್ಟಿಕೊಂಡಳು. ಆಮೇಲೆ, "ಮತ್ತೊಮ್ಮೆ ಹೇಳು" ಎಂದಳು.

ಇವರು ಯಾವಾಗ ಬಂದರೋ. ಒದ್ದೆ ಕೊಡೆ ಹಿಡಿದು ಬಾಗಿಲಲ್ಲೇ ನಿಂತಿದ್ದರಂತೆ, ಶೀಲಾವತಿ ಆಮೇಲೆ ಹೇಳಿದರು. ಅವರ ಮುಖ ಹೇಗಿತ್ತೋ ನಾನು ನೋಡಲಿಲ್ಲ. ಪುರುಸೊತ್ತಿರಲಿಲ್ಲ. ಹುಲಿಗೆ ಚಹಾ ಕೊಡುವುದಿತ್ತು.

ಜುಲೈ ೩೧

ಶೀಲಾವತಿ ರದ್ದಿ ಅಂಗಡಿಯಿಂದ ಇಂಗ್ಲಿಷಿನ ಬಣ್ಣದ ಪುಸ್ತಕ ತಂದಿದ್ದಾರೆ. ಕರಡಿ ಮರಿಯದು. ನೋಡಿದರೆ ನಮ್ಮ ಹುಡುಗಿ ಅವರ ತೊಡೆಯ ಮೇಲೆ! ಅವರಿಗೆ ಒಬ್ಬ ಮಗ ಇದ್ದಾನಲ್ಲ, ಅವನನ್ನು ಕೂರಿಸಿಕೊಳ್ಳಬಾರದೇ? "ಎಣ್ಣಿ ಹಚ್ಚಬೇಕು ಬಾ" ಎಂದು ಕರೆದೆ. "ನಿನ್ನೆ ಹಚ್ಚೀದಿ" ಎಂದಳು. ಇವತ್ತೂ ಹಚ್ಚಿದೆ.

ಆಗಸ್ಟ್ ೯

ಪಂಚಮಿಗೆ ಇನ್ನು ಬೆರಳೆಣಿಕೆಯ ದಿನ. ಉಂಡಿಗೆ ಶೇಂಗಾ ಹುರಿದೆ, ಹೊತ್ತಿಸಿದೆ. ಶರಣಿಯ ಲಂಗಗಳನ್ನು ಒಗೆದು ಮಡಿಚಿ ಟ್ರಂಕಿನಲ್ಲಿಟ್ಟೆ, ಕಳಿಸುವುದಾದರೆ ಇರಲಿ ಎಂದು. ಸಂಜೆಗೆ ಮತ್ತೆ ಎಲ್ಲ ತೆಗೆದು ಗೂಡಿನಲ್ಲಿಟ್ಟೆ. ಟ್ರಂಕಿನೊಳಗೆ ಜಿರಳೆ ಬರುತ್ತವೆ.

ಮಗಳನ್ನು ಕಳೆದುಕೊಂಡವರು ಮೊಮ್ಮಗಳನ್ನು ಕೇಳಿದರೆ ಇಲ್ಲ ಎನ್ನಲು ಬಾಯಿ ಯಾರಿಗಿದೆ? ಇವರಿಗಿಲ್ಲ. ನನಗಂತೂ ಹಕ್ಕೇ ಇಲ್ಲ. ಆದರೂ ಆ ಮುದುಕಿಯ ಮೇಲೆ ನೋಡುವುದಕ್ಕೆ ಮುಂಚೆಯೇ ಸಿಟ್ಟು ಬರುತ್ತಿದೆ. ಬಿಜಾಪುರದಲ್ಲಿ ಮೊಮ್ಮಕ್ಕಳು ಹಿಂಡು ಹಿಂಡು ಇದ್ದಾರಂತೆ. ಅಷ್ಟು ಸಾಲದೇ?

ಆಗಸ್ಟ್ ೧೪

ಆಯಿ ನಿನ್ನೆಯೇ ಬಂದರು. ಎತ್ತರದ ಹೆಂಗಸು, ದಪ್ಪ ಮೂಗು. ನಾನು ಕಾಲಿಗೆ ಬಿದ್ದಾಗ ನನ್ನ ಮುಖ ನೋಡಲಿಲ್ಲ, ಕೊರಳಿನ ತಗಡನ್ನು ನೋಡಿದರು. ಶರಣಿಯನ್ನು ಸೆರಗಿನೊಳಗೆ ಎಳೆದುಕೊಂಡರು. ಹುಡುಗಿಯೂ ಹೋದಳು, ಅಂಟಿಕೊಂಡಳು. ನಾನು ಉಂಡಿ ಕಟ್ಟುತ್ತ ಕೂತೆ. ಎಲ್ಲ ಸೊಟ್ಟ ಬಂದವು.

ಇವತ್ತು ನಾಗಪ್ಪನಿಗೆ ಹಾಲೆರೆದು ಉಂಡ ಮೇಲೆ ಆಯಿ ಮಾತು ತೆಗೆದರು. "ಗದಿಗೆಪ್ಪ, ನಾಳಿ ಗಾಡಿಗೆ ಹೊಂಡತೇವಿ. ಕೂಸಿನ ಅರಿವಿ ಕಟ್ರಿ."

ಇವರು ತಲೆ ತಗ್ಗಿಸಿ "ಆಯ್ತ್ರಿ" ಎಂದರು. ಗಂಡಸಿನ ಬಾಯಲ್ಲಿ ಇದೇ ಒಂದು ಮಾತೇ ಇರುವುದು? ನಾನು ಎದ್ದು ಗೂಡಿನ ಹತ್ತಿರ ಹೋದೆ. ಲಂಗಗಳು ಕಣ್ಣೆದುರಿಗೇ ಇದ್ದವು, ಕಾಣಲಿಲ್ಲ.

ಆಗ ಶರಣಿ ಪುಸ್ತಕ ತಂದು ಆಯಿಯ ಮುಂದಿಟ್ಟಳು. "ಆಯಿ, ನಾ ಬರತೇನಿ. ಚಿಗವ್ವನ್ನೂ ಕರಕೊಂಡ ಹೋಗೋಣು."

"ಆಕಿ ಯಾಕವ್ವ? ಆಕಿಗೆ ಇಲ್ಲಿ ಮನಿ ಅದ."

ಶರಣಿ ಬೋಳು ರಟ್ಟು ತೆರೆದು ತೋರಿಸಿದಳು. "ಇಲ್ಲಿ ಅವ್ವ ಇದ್ಲು. ಜಿರಳಿ ತಿಂದ್ವು. ಅವ್ವ ಹೆಂಗ ಇದ್ಲು ಅಂತ ಚಿಗವ್ವಗಷ್ಟ ಗೊತ್ತದ. ಆಕಿ ಬರಲಿಲ್ಲಂದ್ರ ಈ ರಟ್ಟು ಯಾರು ಹೇಳಾವ್ರು?"

ನೋಡು, ನಾನು ಬೇಕು ಅಂತಲ್ಲ. ರಟ್ಟು ಹೇಳುವವರು ಬೇಕು. ಅಲ್ಲಿಯೂ ಅವಳೇ ಮುಂದೆ.

ಆಯಿ ನನ್ನ ಕಡೆ ತಿರುಗಿದರು. ಈ ಸಲ ಮುಖ ನೋಡಿದರು. "ಹೇಳು" ಎಂದರು. ಆಜ್ಞೆಯ ಹಾಗಿತ್ತು.

ಹೇಳಿದೆ. ಹೆಣ್ಣಾನೆಗಳು ಲೇಡೀಸ್ ಡಬ್ಬಿ ಹತ್ತಿದಾಗ ಆಯಿ ತುಟಿ ಬಿಗಿ ಹಿಡಿದರು. "ಸರೀರಿ, ಇನ್ನೊಂದೀಟು ಸರೀರಿ" ಅಂದಾಗ ಬಿದ್ದು ಬಿದ್ದು ನಗತೊಡಗಿದರು. "ದಾನಿ! ಮೊದಲ ಸಲ ಮುಂಬೈದಿಂದ ಬಂದಾಗ ಇದನ್ನೇ ಹೇಳಿ ನಗಿಸಿದ್ಲು. ಲೋಕಲ್ ಡಬ್ಬಿಯೊಳಗ ಹೆಂಗಸ್ರು ಆನಿಯಂಗ ತುಂಬತಾರವ್ವ, ಅಂತ." ನಗುತ್ತ ನಗುತ್ತ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ನಿಲ್ಲಿಸಿದೆ. "ಮುಂದ ಹೇಳು, ನಿಂದ್ರಬ್ಯಾಡ" ಎಂದರು. ಬೋಳು ರಟ್ಟಿಗೆ ಬಂದಾಗ ಅವರೂ ಬೆರಳಿಟ್ಟರು. ದಪ್ಪ ಮೂಗಿನ ಹತ್ತಿರ ಆ ಬೆರಳು ಬಹಳ ಹೊತ್ತು ನಿಂತಿತು.

ಆಗಸ್ಟ್ ೧೫

ಆಯಿ ಒಬ್ಬರೇ ಹೋದರು.

ಹೋಗುವ ಮುಂಚೆ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸ ಹೊಲಿಸಲೆಂದು ಒಂದು ಅರಿವೆಯ ಕಣ. ರೂಢಿಯಂತೆ ಕಣವನ್ನು ತಗಡಿಗೆ ಸೋಕಿಸಲು ಎತ್ತಿದೆ. ಆಯಿ ಕೈ ಹಿಡಿದರು. "ಇರಲಿ ಬಿಡು. ಇದು ನಿಂದು. ಬರೂ ಪಂಚಮಿಗೆ ಇಬ್ಬರೂ ತವರಿಗೆ ಬರ್ರಿ."

ಬೋರಿಬಂದರಿಗೆ ಹೋಗಿ ಗಾಡಿ ಹತ್ತಿಸಿ ಬಂದೆವು. ಮನೆಗೆ ಬಂದವಳೇ ಕಣವನ್ನು ತಗಡಿಗೆ ಸೋಕಿಸಿಯೇ ಒಳಗಿಟ್ಟೆ. ಅವಳ ಅವ್ವ ಕೊಟ್ಟದ್ದು, ಅವಳಿಗೆ ತೋರಿಸದೆ ಇಡುವುದು ಹೇಗೆ?

ಆಗಸ್ಟ್ ೨೮

ಶರಣಿಯನ್ನು ಶಾಲೆಗೆ ಹಾಕಿ ಹತ್ತು ದಿನವೂ ಆಗಿಲ್ಲ, ಆಗಲೇ ಶುರುವಾಗಿದೆ. ನಮ್ಮ ಬಾಯಾರು ಹಂಗಂದ್ರು, ನಮ್ಮ ಬಾಯಾರು ಹಿಂಗಂದ್ರು. ಗಂಗುಬಾಯಿ ಅಂತ ಟೀಚರು. ಗೋಡೆಗೆ ದೊಡ್ಡ ದೊಡ್ಡ ಪಟ ತೂಗುಹಾಕಿ ಕಥೆ ಹೇಳುತ್ತಾರಂತೆ, ಬಹಳ ಚೆಂದ ಇರುತ್ತವಂತೆ. ಬಿಡಲು ಹೋದಾಗ ನೋಡಿದ್ದೇನೆ, ಅಂಥ ದೊಡ್ಡ ಚೆಲುವೆಯೇನಲ್ಲ. ದನಿ ಒಡಕು.

ಇವತ್ತು ಆ ಬಾಯಿ ಇವಳಿಗೊಂದು ಚಿತ್ರ ಕೊಟ್ಟು ಕಳಿಸಿದ್ದಾರೆ. ಎರಡು ಜಡೆಯ ಸಣ್ಣ ಹುಡುಗಿ, ಕೈಯಲ್ಲಿ ಪಾಟಿ, ಬಳಪ. ಶರಣಿ ಮೆಟ್ಟಿಲು ಹತ್ತುವಾಗಲೇ ಕೂಗಿಕೊಂಡು ಬಂದಳು. "ಚಿಗವ್ವ, ಪಟಾ ಸಿಕ್ತು! ಕಡೀ ರಟ್ಟಿಗೆ ಹಚ್ಚು! ಆನಿ ಹಾರ ಹಾಕ್ಲಿ!"

ನನಗೆ ಮೈ ಉರಿಯಿತು. ಇಷ್ಟು ವರ್ಷ ಇವರು ಹುಡುಕಿ ಸಿಗಲಿಲ್ಲ, ದಾನವ್ವ ಕಾದು ಕಾದು ಹೋದಳು, ನಾನು ಅಂಟಿಸಲು ಹೋಗಿ ಹಾಳು ಮಾಡಿ ಬಾಯಿಪಾಠ ಮಾಡಿ ಉಳಿಸಿಕೊಂಡೆ. ನಿನ್ನೆ ಮೊನ್ನೆ ಬಂದವಳು ಕಥೆಯ ಕೊನೆ ಕೊಟ್ಟು ಕಳಿಸುತ್ತಾಳೆಯೇ?

"ಮೈಲುತುತ್ತ ತೀರ್ಯಾದ," ಎಂದೆ. "ಅದಿಲ್ಲದ ಹಚ್ಚಿದ್ರ ಏನಾಗ್ತದ, ನಿನಗ ಗೊತ್ತದಲ್ಲ?"

ಶರಣಿ ಗೊತ್ತಿದೆ ಎಂದು ತಲೆಯಾಡಿಸಿದಳು. ಚಿತ್ರವನ್ನು ಪುಸ್ತಕದೊಳಗಿಟ್ಟು ಆಡಲು ಓಡಿದಳು. ಡಬ್ಬಿ ಗೂಡಿನ ಮೇಲೆ ತುಂಬಿಯೇ ಕೂತಿತ್ತು.

ಆಮೇಲೆ ಮುಖ ತೊಳೆದುಕೊಂಡೆ. ತಗಡಿಗೂ ಹುಣಸೆ ಹಚ್ಚಿ ತೊಳೆದು, ಸೆರಗಿನಲ್ಲಿ ಒರೆಸಿ, ಅಂಗೈಯಲ್ಲಿ ಹಿಡಿದುಕೊಂಡೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಹೇಳಿಕೊಳ್ಳಲು ಇನ್ಯಾರಿದ್ದಾರೆ?

"ಕೇಳಿದೇನಕ್ಕ," ಎಂದೆ, "ನಮ್ಮ ಕಥಿಗಿಂತ ಆ ಬಾಯಾರ ಕಥಿ ಛಲೋ ಅಂತ."